ಒಂದೇ ಶಿಫ್ಟಿನ ಆಟಗಾರ: ಲ್ಯಾರಿ ಕ್ವಾಂಗ್ ಕಥೆ

ಎನ್‌ಎಚ್‌ಎಲ್ ದಾಖಲೆಗಳಲ್ಲಿ ಲ್ಯಾರಿ ಕ್ವಾಂಗ್ ಅನ್ನೋ ಹೆಸರನ್ನು ಹುಡುಕಿ ನೋಡಿ. ಒಂದೇ ಒಂದು ಸಾಲು ಸಿಗುತ್ತದೆ. ತಂಡ: ನ್ಯೂಯಾರ್ಕ್ ರೇಂಜರ್ಸ್. ವರ್ಷ: 1947-48. ಆಡಿದ ಪಂದ್ಯ 1, ಗೋಲು 0, ಅಸಿಸ್ಟ್ 0, ಪೆನಾಲ್ಟಿ 0. ಆ ಒಂದು ಪಂದ್ಯದಲ್ಲೂ ಅವರು ಐಸ್ ಮೇಲೆ ಇದ್ದದ್ದು ಸುಮಾರು ಒಂದು ನಿಮಿಷ. 1948ರ ಮಾರ್ಚ್ 13ರ ರಾತ್ರಿ, ಮಾಂಟ್ರಿಯಲ್ ಫೋರಂನಲ್ಲಿ. ಆಮೇಲೆ ಯಾವತ್ತೂ ಇಲ್ಲ.

ಈ ಸಂಚಿಕೆಯನ್ನು ಕೇಳಿದವರಿಗೆ ಕಥೆಯ ಎಲುಬು ಗೊತ್ತಿದೆ. ಎನ್‌ಎಚ್‌ಎಲ್‌ನಲ್ಲಿ ಆಡಿದ ಏಷ್ಯಾ ಮೂಲದ ಮೊದಲ ಆಟಗಾರ ಇವರು. ಆದರೆ "ಮೊದಲಿಗ" ಅನ್ನೋ ಪದದಲ್ಲಿ ಒಂದು ತೊಂದರೆ ಇದೆ. ಅದನ್ನು ಕೇಳಿದ ತಕ್ಷಣ ನಮಗೆ ಬಾಗಿಲು ಪೂರ್ತಿ ತೆರೆದ ಹಾಗೆ ಕಾಣುತ್ತದೆ. ಆ ಬಾಗಿಲು ಎಷ್ಟು ತೆರೆದಿತ್ತು, ಎಷ್ಟು ಹೊತ್ತು ತೆರೆದಿತ್ತು, ಹಿಡಿ ಯಾರ ಕೈಯಲ್ಲಿತ್ತು ಅಂತ ನಾವು ಕೇಳುವುದು ಕಡಿಮೆ. ಮಾತಿನಲ್ಲಿ ಹಿಡಿಸದ ವಿವರಗಳ ಜೊತೆ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹಾಕಿ ಅಂದರೆ ಕೊಡಗು, ಅಸ್ಟ್ರೋ ಟರ್ಫು, ಒಲಿಂಪಿಕ್ಸು ಅಂತ ಬೆಳೆದವರಿಗೆ ಮೊದಲು ಒಂದು ವಿಷಯ ಹೇಳಬೇಕು. ಐಸ್ ಹಾಕಿ ಪಂದ್ಯ ಅರವತ್ತು ನಿಮಿಷದ್ದು, ಇಪ್ಪತ್ತು ಇಪ್ಪತ್ತು ನಿಮಿಷದ ಮೂರು ಭಾಗ. ಒಂದು ತಂಡದಿಂದ ಗೋಲಿಯನ್ನು ಬಿಟ್ಟರೆ ಐದು ಜನ ಐಸ್ ಮೇಲಿರುತ್ತಾರೆ. ಸ್ಕೇಟ್ ಕಟ್ಟಿಕೊಂಡು ಪೂರ್ತಿ ವೇಗದಲ್ಲಿ ಓಡುವುದು ಎಷ್ಟು ದಣಿವಿನ ಕೆಲಸ ಅಂದರೆ, ಯಾರೂ ಒಂದೇ ಸಮನೆ ಹೆಚ್ಚು ಹೊತ್ತು ಆಡಲಾರರು. ಒಂದು ನಿಮಿಷದ ಆಸುಪಾಸು ಆಡಿ ಬೆಂಚಿಗೆ ಬರುತ್ತಾರೆ, ಇನ್ನೊಂದು ಸಾಲು ಒಳಗೆ ಹೋಗುತ್ತದೆ, ಆಟ ನಡೆಯುತ್ತಲೇ ಇರುತ್ತದೆ. ಹೀಗೆ ಒಂದು ಸಲ ಒಳಗೆ ಹೋಗಿ ಬರುವುದಕ್ಕೆ ಶಿಫ್ಟ್ ಅನ್ನುತ್ತಾರೆ. ಒಬ್ಬ ಮುಖ್ಯ ಆಟಗಾರನಿಗೆ ಒಂದು ಪಂದ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಶಿಫ್ಟ್ ಸಿಗುತ್ತವೆ. ಲ್ಯಾರಿ ಕ್ವಾಂಗ್‌ಗೆ ಇಡೀ ಎನ್‌ಎಚ್‌ಎಲ್ ಬದುಕಿನಲ್ಲಿ ಸಿಕ್ಕಿದ್ದು ಒಂದು.

ಈಗ ಇಪ್ಪತ್ತೈದು ವರ್ಷ ಹಿಂದಕ್ಕೆ ಹೋಗೋಣ, ಬ್ರಿಟಿಷ್ ಕೊಲಂಬಿಯಾದ ವರ್ನನ್ ಊರಿಗೆ. ಓಕನಾಗನ್ ಕಣಿವೆ, ಹಣ್ಣಿನ ತೋಟಗಳ ಸೀಮೆ. 1923ರ ಜೂನ್ 17ರಂದು ಅಲ್ಲಿನ ಒಂದು ಚೀನೀ ಕುಟುಂಬದಲ್ಲಿ, ಹದಿನೈದು ಮಕ್ಕಳಲ್ಲಿ ಹದಿನಾಲ್ಕನೆಯವನಾಗಿ ಲ್ಯಾರಿ ಹುಟ್ಟಿದ. ಮನೆಯಲ್ಲಿ ಇಟ್ಟ ಹೆಸರು ಎಂಗ್ ಕೈ ಗ್ಯಾಂಗ್. ಎಂಗ್ ಅನ್ನೋದು ಮನೆತನದ ಹೆಸರು. ಅಪ್ಪ ಚಿನ್ನ ಹುಡುಕುತ್ತಾ ಕೆನಡಾಕ್ಕೆ ಬಂದು, ಕೊನೆಗೆ ವರ್ನನ್‌ನಲ್ಲಿ ದಿನಸಿ ಅಂಗಡಿ ಇಟ್ಟಿದ್ದರು. ಅಂಗಡಿಯ ಹೆಸರು ಕ್ವಾಂಗ್ ಹಿಂಗ್ ಲಂಗ್. ಊರಿನವರು ಅಂಗಡಿಯ ಹೆಸರನ್ನೇ ಮನೆತನದ ಹೆಸರು ಅಂದುಕೊಂಡರು, ಹಾಗಾಗಿ ಎಂಗ್ ಮನೆಯ ಮಕ್ಕಳು ಕ್ವಾಂಗ್ ಆದರು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಸರ್‌ನೇಮಾಗಿ ಕೂತುಬಿಟ್ಟ ನಮ್ಮಲ್ಲಿ ಅನೇಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಗು ಹುಟ್ಟಿ ಎರಡು ವಾರಕ್ಕೆ, 1923ರ ಜುಲೈ 1ಕ್ಕೆ, ಕೆನಡಾದ ಚೀನೀ ವಲಸೆ ಕಾಯಿದೆ ಜಾರಿಗೆ ಬಂತು. ಇದರ ಹಿನ್ನೆಲೆ ಚಿಕ್ಕದಾಗಿ ಹೇಳುತ್ತೇನೆ. 1880ರ ದಶಕದ ಮೊದಲ ಭಾಗದಲ್ಲಿ ಕೆನಡಿಯನ್ ಪೆಸಿಫಿಕ್ ರೈಲು ಹಳಿಯನ್ನು ಪಶ್ಚಿಮದ ಬೆಟ್ಟಗಳಲ್ಲಿ ಹಾಕಲು ಸಾವಿರಾರು ಚೀನೀ ಕೂಲಿಗಳನ್ನು ಕರೆತಂದರು. 1885ರಲ್ಲಿ ಹಳಿ ಮುಗಿಯಿತು. ಅದೇ ವರ್ಷ ಒಳಬರುವ ಪ್ರತಿ ಚೀನೀಯನ ಮೇಲೆ 50 ಡಾಲರ್ ತಲೆಗಂದಾಯ ಬಿತ್ತು. 1900ರಲ್ಲಿ ಅದು 100 ಆಯಿತು, 1903ರಲ್ಲಿ 500. ಅಷ್ಟಾದರೂ ಜನ ಬರುತ್ತಲೇ ಇದ್ದರು. ಆಗ ಸರ್ಕಾರ ಬಾಗಿಲನ್ನೇ ಹಾಕಿತು. 1923ರ ಕಾಯಿದೆಯ ನಂತರ ರಾಜತಾಂತ್ರಿಕರು, ವಿದ್ಯಾರ್ಥಿಗಳು, ಕೆಲವು ವರ್ಗದ ವ್ಯಾಪಾರಿಗಳು, ಇಂಥ ಬೆರಳೆಣಿಕೆಯವರನ್ನು ಬಿಟ್ಟು ಚೀನೀಯರು ಯಾರೂ ಬರುವಂತಿರಲಿಲ್ಲ. ಇಲ್ಲಿದ್ದ ಗಂಡಸರು ಊರಲ್ಲಿದ್ದ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವಂತಿರಲಿಲ್ಲ. ಕೆನಡಾದಲ್ಲೇ ಹುಟ್ಟಿದ ಚೀನೀ ಮಕ್ಕಳೂ ಸರ್ಕಾರದ ಪಟ್ಟಿಯಲ್ಲಿ ಹೆಸರು ಬರೆಸಬೇಕಿತ್ತು. ಜುಲೈ 1 ಕೆನಡಾದ ರಾಷ್ಟ್ರೀಯ ದಿನ ತಾನೇ? ಊರೆಲ್ಲ ಹಬ್ಬ ಮಾಡುವ ಆ ದಿನವನ್ನು ಚೀನೀ ಸಮುದಾಯ "ಅವಮಾನದ ದಿನ" ಅಂತ ಕರೆಯತೊಡಗಿತು.

ಮತದಾನದ ಹಕ್ಕೂ ಇರಲಿಲ್ಲ. ಬ್ರಿಟಿಷ್ ಕೊಲಂಬಿಯಾ ಚೀನೀಯರಿಂದ ಅದನ್ನು 1870ರ ದಶಕದಲ್ಲೇ ಕಿತ್ತುಕೊಂಡಿತ್ತು. 1907ರಲ್ಲಿ ಇದೇ ಪ್ರಾಂತ ಭಾರತೀಯರ ಮತದ ಹಕ್ಕನ್ನೂ ತೆಗೆದು ಹಾಕಿತು. ಅಂದರೆ ಲ್ಯಾರಿ ಬೆಳೆದ ಪ್ರಾಂತದಲ್ಲಿ ಅವನ ಮನೆಯವರೂ, ಅಲ್ಲಿನ ಮರದ ಮಿಲ್ಲುಗಳಲ್ಲಿ ದುಡಿಯುತ್ತಿದ್ದ ಪಂಜಾಬಿಗಳೂ ಕಾನೂನಿನ ಕಣ್ಣಿಗೆ ಒಂದೇ ಸಾಲಿನಲ್ಲಿ ನಿಂತವರು.

ಲ್ಯಾರಿಗೆ ಐದು ವರ್ಷವಾದಾಗ ಅಪ್ಪ ತೀರಿಕೊಂಡರು. ಅಂಗಡಿಯನ್ನು ಮನೆಯವರು ನಡೆಸಿಕೊಂಡು ಹೋದರು. ಚಳಿಗಾಲದ ಶನಿವಾರದ ರಾತ್ರಿ ರೇಡಿಯೋದಲ್ಲಿ ಹಾಕಿ ವೀಕ್ಷಕ ವಿವರಣೆ ಬರುತ್ತಿತ್ತು, ಟೊರಾಂಟೋದಿಂದ ಫಾಸ್ಟರ್ ಹ್ಯೂವಿಟ್ ದನಿ. ದೇಶಕ್ಕೆ ದೇಶವೇ ಕಿವಿಗೊಟ್ಟು ಕೇಳುತ್ತಿದ್ದ ಆ ದನಿಯನ್ನು ವರ್ನನ್‌ನ ದಿನಸಿ ಅಂಗಡಿಯ ಹುಡುಗನೂ ಕೇಳುತ್ತಿದ್ದ. ಎನ್‌ಎಚ್‌ಎಲ್‌ನಲ್ಲಿ ಆಡಬೇಕು ಅನ್ನೋ ಆಸೆ ಹುಟ್ಟಿದ್ದು ಹೀಗೆ, ಕಿವಿಯ ಮೂಲಕ. ರೇಡಿಯೋದಲ್ಲಿ ಒಂದು ಅನುಕೂಲ ಇದೆ, ಆಟಗಾರರ ಬಣ್ಣ ಕಾಣುವುದಿಲ್ಲ.

ಮೈಕಟ್ಟು ಚಿಕ್ಕದು. ಬೆಳೆದ ಮೇಲೂ ಎತ್ತರ ಐದು ಅಡಿ ಆರು ಇಂಚು. ಆದರೆ ವೇಗ ಇತ್ತು, ಪಕ್ ಮೇಲೆ ಹಿಡಿತ ಇತ್ತು, ಜೊತೆಯವನಿಗೆ ಸರಿಯಾದ ಗಳಿಗೆಯಲ್ಲಿ ಪಾಸ್ ಕೊಡುವ ಬುದ್ಧಿ ಇತ್ತು. 1939ರಲ್ಲಿ ವರ್ನನ್ ಹೈಡ್ರೋಫೋನ್ಸ್ ಅನ್ನೋ ಹುಡುಗರ ತಂಡ ಪ್ರಾಂತದ ಚಾಂಪಿಯನ್ ಆದಾಗ ಲ್ಯಾರಿ ಅದರಲ್ಲಿದ್ದ. ಹದಿನೆಂಟಕ್ಕೆ ಟ್ರೇಲ್ ಊರಿನ ಸ್ಮೋಕ್ ಈಟರ್ಸ್ ತಂಡದಿಂದ ಕರೆ ಬಂತು. ಇದು ಸಣ್ಣ ಮಾತಲ್ಲ. ಈ ತಂಡ 1939ರಲ್ಲಿ ಕೆನಡಾವನ್ನು ಪ್ರತಿನಿಧಿಸಿ ವಿಶ್ವ ಚಾಂಪಿಯನ್ ಆಗಿ ಬಂದಿತ್ತು.

ಟ್ರೇಲ್‌ನಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆ ಊರಿನ ಜೀವಾಳ ಸೀಸ ಮತ್ತು ಸತುವಿನ ಅದಿರು ಕರಗಿಸುವ ದೊಡ್ಡ ಕಾರ್ಖಾನೆ. ತಂಡದ ಹೆಸರಲ್ಲಿರುವ ಹೊಗೆ ಕೂಡ ಆ ಊರಿನದೇ. ಹಾಕಿ ಆಟಗಾರರಿಗೆ ಅಲ್ಲಿದ್ದ ಆಕರ್ಷಣೆ ಅಂದರೆ ಕಾರ್ಖಾನೆಯ ಕೆಲಸ. ಹಗಲು ದುಡಿಮೆ, ಒಳ್ಳೆ ಸಂಬಳ, ಸಂಜೆ ಹಾಕಿ. ತಂಡಕ್ಕೆ ಬಂದವರಿಗೆ ಆ ಕೆಲಸ ಸಿಗುತ್ತಿತ್ತು. ಲ್ಯಾರಿಗೆ ಸಿಗಲಿಲ್ಲ. ಚೀನೀಯರನ್ನು ಅಲ್ಲಿ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಅವರು ಊರಿನ ಒಂದು ಹೋಟೆಲಿನಲ್ಲಿ ಬಂದವರ ಪೆಟ್ಟಿಗೆ ಹೊರುವ ಕೆಲಸಕ್ಕೆ ಸೇರಿದರು. ಸಂಜೆ ಐಸ್ ಮೇಲೆ ಅವರಿಗೆ ಚಪ್ಪಾಳೆ ತಟ್ಟಿದ ಊರೇ ಹಗಲು ಅವರ ಕೈಗೆ ಪೆಟ್ಟಿಗೆ ಕೊಡುತ್ತಿತ್ತು. ಆಡಬೇಡ ಅಂತ ಯಾರೂ ಹೇಳಲಿಲ್ಲ ನೋಡಿ. ಆಟಕ್ಕೆ ಬಾ, ಆಟದ ಜೊತೆ ಉಳಿದವರಿಗೆ ಸಿಗುವ ಬದುಕಿಗೆ ಬರಬೇಡ, ಇಷ್ಟೇ.

ಎರಡನೇ ಮಹಾಯುದ್ಧದ ಕಾಲದಲ್ಲಿ ಕೆನಡಾ ಸೈನ್ಯದಿಂದ ಕರೆ ಬಂತು. ಆಲ್ಬರ್ಟಾದ ರೆಡ್ ಡೀರ್‌ನಲ್ಲಿ ಸೈನಿಕರ ತಂಡಕ್ಕೆ ಆಡಿದರು. ಯುದ್ಧ ಮುಗಿದ ಮೇಲೆ ಮತ್ತೆ ಟ್ರೇಲ್‌ಗೆ ಬಂದರು, 1946ರಲ್ಲಿ ತಂಡ ಪ್ರಾಂತದ ಚಾಂಪಿಯನ್ ಆಯಿತು. ಅಲ್ಲಿಂದ ನ್ಯೂಯಾರ್ಕಿನ ಹಾಕಿ ದೊರೆ ಲೆಸ್ಟರ್ ಪ್ಯಾಟ್ರಿಕ್ ಅವರ ಕಣ್ಣಿಗೆ ಬಿದ್ದರು. ಅದೇ ವರ್ಷ ನ್ಯೂಯಾರ್ಕ್ ರೋವರ್ಸ್ ತಂಡಕ್ಕೆ ಸಹಿ ಹಾಕಿದರು. ರೋವರ್ಸ್ ಅಂದರೆ ರೇಂಜರ್ಸ್‌ನ ಕೆಳಗಿನ ತಂಡ. ಮೇಲಿನ ತಂಡಕ್ಕೆ ಆಟಗಾರರನ್ನು ತಯಾರು ಮಾಡುವುದೇ ಅದರ ಕೆಲಸ. ಇಬ್ಬರ ಮೈದಾನವೂ ಒಂದೇ, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ನ್ಯೂಯಾರ್ಕಿನ ಚೈನಾಟೌನ್ ಜನಕ್ಕೆ ಇದು ಹಬ್ಬವೇ ಆಯಿತು. 1946ರ ನವೆಂಬರಿನಲ್ಲಿ, ಚೈನಾಟೌನಿನ ಮೇಯರ್ ಅಂತಲೇ ಜನ ಕರೆಯುತ್ತಿದ್ದ ಶೇವಿ ಲೀ ಅವರು ಐಸ್ ಮೇಲೆ ಬಂದು ಲ್ಯಾರಿಯನ್ನು ಸನ್ಮಾನಿಸಿದರು. ಪತ್ರಿಕೆಗಳು "ಕಿಂಗ್ ಕ್ವಾಂಗ್", "ಚೈನಾ ಕ್ಲಿಪ್ಪರ್" ಅಂತೆಲ್ಲ ಹೆಸರಿಟ್ಟವು.

ಕಾಲವೂ ಬದಲಾಗುತ್ತಿತ್ತು. 1947ರ ಏಪ್ರಿಲಿನಲ್ಲಿ ಜ್ಯಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಜರ್ಸ್ ಪರವಾಗಿ ಬೇಸ್‌ಬಾಲ್ ಮೈದಾನಕ್ಕೆ ಇಳಿದು ಆ ಆಟದ ವರ್ಣದ ಗೋಡೆಯನ್ನು ಒಡೆದರು. ಅದೇ ವರ್ಷ ಕೆನಡಾ ಚೀನೀ ವಲಸೆ ಕಾಯಿದೆಯನ್ನು ರದ್ದು ಮಾಡಿತು. ಬ್ರಿಟಿಷ್ ಕೊಲಂಬಿಯಾದಲ್ಲಿ ಚೀನೀಯರಿಗೂ ಭಾರತೀಯರಿಗೂ ಮತದಾನದ ಹಕ್ಕು ವಾಪಸು ಬಂತು. ಕಾಗದದ ಮೇಲೆ ನೋಡಿದರೆ ಇಪ್ಪತ್ನಾಲ್ಕು ವರ್ಷದ ಕತ್ತಲೆ ಮುಗಿದಿತ್ತು. ಹುಟ್ಟಿದ ಎರಡು ವಾರಕ್ಕೆ ಹಾಕಿದ ಬಾಗಿಲು ಲ್ಯಾರಿಯ ಇಪ್ಪತ್ನಾಲ್ಕನೇ ವಯಸ್ಸಿಗೆ ತೆರೆಯಿತು.

ಆ ಚಳಿಗಾಲ, ಅಂದರೆ 1947-48ರ ಸೀಸನ್ನಿನಲ್ಲಿ, ರೋವರ್ಸ್ ತಂಡದಲ್ಲಿ ಅತಿ ಹೆಚ್ಚು ಪಾಯಿಂಟ್ ಗಳಿಸಿದವರು ಲ್ಯಾರಿ ಕ್ವಾಂಗ್. 65 ಪಂದ್ಯ, 33 ಗೋಲು, 53 ಅಸಿಸ್ಟ್, ಒಟ್ಟು 86. ಹೀಗಿದ್ದೂ ತಮಗಿಂತ ಕಡಿಮೆ ಗಳಿಸಿದವರು ಮೇಲಿನ ತಂಡಕ್ಕೆ ಹೋಗುವುದನ್ನು ಅವರು ನೋಡುತ್ತಿದ್ದರು. ಕೊನೆಗೆ ಸೀಸನ್ ಮುಗಿಯುತ್ತಾ ಬಂದಾಗ, ಮಾರ್ಚಿನಲ್ಲಿ, ಅವರಿಗೂ ಕರೆ ಬಂತು.

ಆ ಪಂದ್ಯ ಎಂಥದ್ದು ಅನ್ನೋದನ್ನೂ ಹೇಳಲೇಬೇಕು. ಆಗ ಎನ್‌ಎಚ್‌ಎಲ್‌ನಲ್ಲಿ ಇದ್ದದ್ದು ಆರೇ ತಂಡ. ಮೊದಲ ನಾಲ್ಕಕ್ಕೆ ಪ್ಲೇಆಫ್. ಆ ವರ್ಷ ಕೊನೆಗೆ ರೇಂಜರ್ಸ್ ನಾಲ್ಕನೇ ಸ್ಥಾನ ಪಡೆದು ಒಳಗೆ ಹೋಯಿತು, ಮಾಂಟ್ರಿಯಲ್ ಐದನೆಯದಾಗಿ ಹೊರಗೆ ಉಳಿಯಿತು. ಅಂದರೆ ಮಾರ್ಚ್ 13ರಂದು ಎದುರುಬದುರಾದದ್ದು ಒಂದೇ ಕುರ್ಚಿಗಾಗಿ ಹೊಡೆದಾಡುತ್ತಿದ್ದ ಎರಡು ತಂಡ. ಲ್ಯಾರಿ 11ನೇ ನಂಬರಿನ ಜೆರ್ಸಿ ತೊಟ್ಟು ಬೆಂಚಿನಲ್ಲಿ ಕೂತರು. ಮೊದಲ ಭಾಗ ಮುಗಿಯಿತು, ಕರೆಯಲಿಲ್ಲ. ಎರಡನೆಯದು ಮುಗಿಯಿತು, ಕರೆಯಲಿಲ್ಲ. ಮೂರನೇ ಭಾಗದ ಕೊನೆಗೆ ಬಂದಾಗ ಕೋಚ್ ಫ್ರ್ಯಾಂಕ್ ಬೂಷೆ ಅವರನ್ನು ಒಳಗೆ ಕಳಿಸಿದರು. ಸುಮಾರು ಒಂದು ನಿಮಿಷ. ವಾಪಸು ಬೆಂಚಿಗೆ. ರೇಂಜರ್ಸ್ 3-2ರಲ್ಲಿ ಸೋತಿತು.

ಈಗ ನೀವು ಕೇಳಬಹುದು: ಇದು ಜನಾಂಗ ದ್ವೇಷವೋ, ಬರೀ ಆಟದ ಲೆಕ್ಕಾಚಾರವೋ? ನ್ಯಾಯವಾದ ಪ್ರಶ್ನೆ. ಬೂಷೆ ಪರವಾಗಿ ಹೇಳುವುದು ಇದೆ. ಪಂದ್ಯ ಬಿಗಿಯಾಗಿತ್ತು, ಹೊಸಬನನ್ನು ಇಳಿಸಲು ಯಾವ ಕೋಚೂ ಹಿಂದೆ ಮುಂದೆ ನೋಡುತ್ತಾನೆ. ಆರೇ ತಂಡ ಅಂದರೆ ಇಡೀ ಜಗತ್ತಿನಲ್ಲಿ ನೂರು ಚಿಲ್ಲರೆ ಕೆಲಸ. ಬಿಳಿಯ ಆಟಗಾರರಲ್ಲೂ ಎಷ್ಟೋ ಒಳ್ಳೆಯವರು ಕೆಳಗಿನ ತಂಡಗಳಲ್ಲೇ ಸವೆದು ಹೋದರು. ಒಂದೇ ಪಂದ್ಯ ಆಡಿ ಮರೆಯಾದ ಬಿಳಿಯರ ಪಟ್ಟಿಯೂ ಉದ್ದವಾಗಿದೆ.

ಇದೆಲ್ಲ ಒಪ್ಪೋಣ. ಆದರೂ ಉತ್ತರ ಸಿಗದ ಒಂದು ಮಾತು ಉಳಿಯುತ್ತದೆ. ನಿಮ್ಮ ಕೆಳಗಿನ ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಗಳಿಸಿದವನನ್ನು ನೀವು ಒಂದು ನಿಮಿಷ ಮಾತ್ರ ನೋಡಿದರೆ, ಅವನು ಸಾಲುತ್ತಾನೋ ಇಲ್ಲವೋ ಅಂತ ನಿಮಗೆ ಗೊತ್ತಾಗುವುದು ಹೇಗೆ? ಒಂದು ನಿಮಿಷದಲ್ಲಿ ಯಾರ ಪರೀಕ್ಷೆಯೂ ಆಗುವುದಿಲ್ಲ.

ಅದೇ ವರ್ಷದ ಇನ್ನೊಂದು ಘಟನೆಯನ್ನು ಪಕ್ಕದಲ್ಲಿಟ್ಟು ನೋಡಿ. ಟೊರಾಂಟೋದಲ್ಲಿ ಜಮೈಕಾ ಮೂಲದ ತಂದೆತಾಯಿಗೆ ಹುಟ್ಟಿದ ಹರ್ಬ್ ಕಾರ್ನೆಗಿ ಆ ಕಾಲದ ಅತ್ಯುತ್ತಮ ಕಪ್ಪು ಆಟಗಾರ. 1948ರ ಸೆಪ್ಟೆಂಬರಿನಲ್ಲಿ ಇದೇ ರೇಂಜರ್ಸ್ ಅವರನ್ನು ತರಬೇತಿ ಶಿಬಿರಕ್ಕೆ ಕರೆಯಿತು. ಅವರು ಚೆನ್ನಾಗಿ ಆಡಿದರು. ಕೊನೆಗೆ ಕೈಗೆ ಸಿಕ್ಕ ಒಪ್ಪಂದಗಳೆಲ್ಲ ಕೆಳಗಿನ ತಂಡಗಳಿಗೆ ಸಂಬಂಧಿಸಿದ್ದು, ಸಂಬಳ ಅವರು ಕ್ವಿಬೆಕ್‌ನಲ್ಲಿ ಆಗಲೇ ಗಳಿಸುತ್ತಿದ್ದದ್ದಕ್ಕಿಂತ ಕಡಿಮೆ. ಸಂಸಾರವಂದಿಗ ಮನುಷ್ಯ, ಬೇಡ ಅಂದರು. ಎನ್‌ಎಚ್‌ಎಲ್‌ನಲ್ಲಿ ಅವರಿಗೆ ಒಂದು ನಿಮಿಷವೂ ಸಿಗಲಿಲ್ಲ. ಕಪ್ಪು ಅಥವಾ ಚೀನೀ ಆಟಗಾರರಿಗೆ ಪ್ರವೇಶವಿಲ್ಲ ಅನ್ನೋ ನಿಯಮ ಎಲ್ಲೂ ಬರೆದಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂತ ನಮ್ಮಲ್ಲಿ ಗಾದೆ ಇದೆಯಲ್ಲ, ಅದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. 1947ರಲ್ಲಿ ಕಾನೂನು ವರ ಕೊಟ್ಟಿತು. ಬೆಂಚಿನ ಹಿಂದೆ ನಿಂತಿದ್ದ ಪೂಜಾರಿ ಗಡಿಯಾರ ನೋಡುತ್ತಿದ್ದ.

ಲ್ಯಾರಿ ಏನು ಮಾಡಿದರು? ನನಗೆ ಈ ಕಥೆಯಲ್ಲಿ ತುಂಬ ಇಷ್ಟವಾದ ಭಾಗ ಇದು. ನ್ಯೂಯಾರ್ಕಿನಲ್ಲಿ ಎರಡನೇ ನಿಮಿಷಕ್ಕಾಗಿ ಅವರು ಕಾಯುತ್ತಾ ಕೂರಲಿಲ್ಲ. ಕ್ವಿಬೆಕ್ ಪ್ರಾಂತದ ವ್ಯಾಲಿಫೀಲ್ಡ್ ಬ್ರೇವ್ಸ್ ತಂಡ ಹೆಚ್ಚು ಸಂಬಳ ಕೊಡುತ್ತೇನೆ ಅಂದಿತು, ಹೊರಟರು. ಕ್ವಿಬೆಕ್ ಸೀನಿಯರ್ ಲೀಗ್ ಅಂದರೆ ಆಗ ಎನ್‌ಎಚ್‌ಎಲ್ ಬಾಗಿಲ ಹೊರಗಿನ ಗಟ್ಟಿ ಆಟ. ಮುಂದೆ ಮಾಂಟ್ರಿಯಲ್‌ನ ದಂತಕಥೆಯಾದ ಝ್ಯಾನ್ ಬೆಲಿವೋ ಕೂಡ ಆ ಲೀಗಿನಲ್ಲೇ ಆಡುತ್ತಿದ್ದರು. ಲ್ಯಾರಿಯ ಪಾಸ್ ಕೊಡುವ ಕಲೆಯನ್ನು ಅವರು ವಯಸ್ಸಾದ ಮೇಲೂ ನೆನೆಯುತ್ತಿದ್ದರು.

ವ್ಯಾಲಿಫೀಲ್ಡ್‌ನಲ್ಲಿ ಲ್ಯಾರಿಗೆ ಸಿಕ್ಕ ಕೋಚ್ ಟೋ ಬ್ಲೇಕ್. ಈ ಹೆಸರನ್ನು ನೆನಪಿಡಿ. 1948ರ ಜನವರಿವರೆಗೆ ಅವರು ಮಾಂಟ್ರಿಯಲ್ ಕನೇಡಿಯನ್ಸ್ ತಂಡದ ನಾಯಕ. ರೇಂಜರ್ಸ್ ವಿರುದ್ಧದ ಪಂದ್ಯದಲ್ಲಿ ಕಾಲು ಮುರಿದು ಎನ್‌ಎಚ್‌ಎಲ್ ಆಟ ಬಿಟ್ಟವರು. ಮುಂದೆ ಕೋಚ್ ಆಗಿ ಅದೇ ತಂಡಕ್ಕೆ ಎಂಟು ಸ್ಟ್ಯಾನ್ಲಿ ಕಪ್ ಗೆದ್ದುಕೊಟ್ಟವರು. ಹಾಕಿಯನ್ನು ಅವರಷ್ಟು ಬಲ್ಲವರು ಆ ಕಾಲದಲ್ಲಿ ಕಡಿಮೆ. ಅಂಥ ಮನುಷ್ಯ ಲ್ಯಾರಿಯನ್ನು ವಾರ ವಾರ ಆಡಿಸಿದ. 1951ರಲ್ಲಿ ಲೀಗಿನ ಅತ್ಯುತ್ತಮ ಆಟಗಾರ ಅನ್ನೋ ಪ್ರಶಸ್ತಿ ಲ್ಯಾರಿ ಕ್ವಾಂಗ್‌ಗೆ ಬಂತು. ಹಾಗಾಗಿ ಲ್ಯಾರಿಯ ಯೋಗ್ಯತೆ ಎಷ್ಟಿತ್ತು ಅನ್ನೋ ಪ್ರಶ್ನೆಗೆ ಬೂಷೆಯ ಒಂದು ನಿಮಿಷಕ್ಕಿಂತ ಬ್ಲೇಕ್ ಜೊತೆಗಿನ ವರ್ಷಗಳೇ ನಂಬಬಹುದಾದ ಉತ್ತರ.

ಆಮೇಲೆ ಸಮುದ್ರ ದಾಟಿದರು. 1957-58ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪ್ಯಾಂಥರ್ಸ್ ಪರ 55 ಗೋಲು. ಅಲ್ಲಿಂದ ಸ್ವಿಟ್ಜರ್ಲೆಂಡಿನ ಆಂಬ್ರಿ-ಪಿಯೊಟ್ಟಾ, ನಂತರ ಲೊಸಾನ್. ಆಡುತ್ತಾ ಆಡುತ್ತಾ ಕೋಚ್ ಆದರು. ಹಾಕಿ ಜೊತೆಗೆ ಟೆನಿಸ್ ಕೂಡ ಕಲಿಸಿದರು. ಅಲ್ಲೇ ವರ್ಷಗಟ್ಟಲೆ ನೆಲೆಸಿ 1970ರ ದಶಕದಲ್ಲಿ ಕೆನಡಾಕ್ಕೆ ವಾಪಸು ಬಂದರು. ಕ್ಯಾಲ್ಗರಿಯಲ್ಲಿ ಅಣ್ಣನ ಜೊತೆ ಸೇರಿ ಮಾಡಿದ ಉದ್ಯೋಗ ಯಾವುದು ಗೊತ್ತಾ? ದಿನಸಿ ಅಂಗಡಿ.

ಈ ನಡುವೆ ಎನ್‌ಎಚ್‌ಎಲ್ ಏನಾಯಿತು? ಲ್ಯಾರಿಯ ನಿಮಿಷ ಕಳೆದು ಹತ್ತು ವರ್ಷಕ್ಕೆ, 1958ರ ಜನವರಿ 18ರಂದು, ಅದೇ ಮಾಂಟ್ರಿಯಲ್ ಫೋರಂನಲ್ಲಿ, ಬಾಸ್ಟನ್ ಬ್ರೂಯಿನ್ಸ್ ಪರ ವಿಲಿ ಓರೀ ಇಳಿದರು. ಎನ್‌ಎಚ್‌ಎಲ್‌ನ ಮೊದಲ ಕಪ್ಪು ಆಟಗಾರ. ಆ ವರ್ಷ ಅವರಿಗೆ ಎರಡು ಪಂದ್ಯ, 1960-61ರಲ್ಲಿ 43, ಅಲ್ಲಿಗೆ ಮುಗಿಯಿತು. ಭಾರತೀಯ ಮೂಲದ ಮೊದಲ ಆಟಗಾರ ರಾಬಿನ್ ಬಾವಾ. ವ್ಯಾಂಕೂವರ್ ದ್ವೀಪದ ಡಂಕನ್ ಊರಿನ ಸಿಖ್ ಹುಡುಗ, ವಾಷಿಂಗ್ಟನ್ ಕ್ಯಾಪಿಟಲ್ಸ್ ಪರ ಆಡಿದ್ದು 1989ರಲ್ಲಿ. 1947ರಲ್ಲಿ ಒಂದೇ ಸಲಕ್ಕೆ ಮತದ ಹಕ್ಕು ವಾಪಸು ಪಡೆದ ಎರಡು ಸಮುದಾಯಗಳು ಅಂದೆನಲ್ಲ, ಅದರಲ್ಲಿ ಎರಡನೆಯದಕ್ಕೆ ಐಸ್ ತಲುಪಲು ಇನ್ನೂ 42 ವರ್ಷ ಹಿಡಿಯಿತು. ವರ್ನನ್ ಹುಡುಗ ಇಂಗ್ಲಿಷಿನಲ್ಲಿ ಕೇಳುತ್ತಿದ್ದ ಅದೇ ಹಾಕಿ ಪ್ರಸಾರ 2008ರಿಂದ ಪಂಜಾಬಿಯಲ್ಲೂ ಬರುತ್ತಿದೆ.

ಇಲ್ಲಿ ನಮ್ಮ ಕಡೆ ಒಮ್ಮೆ ತಿರುಗಿ ನೋಡಬೇಕು. ನಾವು ಬಂದಿರುವುದು ಬೇರೆ ಕೆನಡಾಕ್ಕೆ. ನಮಗೆ ತಲೆಗಂದಾಯ ಇಲ್ಲ, ಮತದ ಹಕ್ಕು ಯಾರೂ ಕಿತ್ತುಕೊಂಡಿಲ್ಲ. ಲ್ಯಾರಿ ಕ್ವಾಂಗ್ ಕಷ್ಟವನ್ನು ನಮ್ಮ ಕಷ್ಟದ ಜೊತೆ ತೂಗುವುದು ತಪ್ಪು. ಆದರೆ ಹೊಸದಾಗಿ ಬಂದು ಕೆಲಸ ಹುಡುಕಿದವರಿಗೆ "ಕೆನಡಿಯನ್ ಅನುಭವ ಇದೆಯಾ" ಅನ್ನೋ ಪ್ರಶ್ನೆ ಗೊತ್ತು. ಅನುಭವ ಬೇಕಾದರೆ ಕೆಲಸ ಬೇಕು, ಕೆಲಸ ಬೇಕಾದರೆ ಅನುಭವ ಬೇಕು. 2013ರಲ್ಲಿ ಒಂಟಾರಿಯೋ ಮಾನವ ಹಕ್ಕು ಆಯೋಗವೇ ಈ ಷರತ್ತು ಮೇಲ್ನೋಟಕ್ಕೆ ತಾರತಮ್ಯ ಅಂತ ಹೇಳಿತು. ಪ್ರಶ್ನೆ ಕೇಳುವವರು ಕೆಟ್ಟವರೇ ಆಗಿರಬೇಕಿಲ್ಲ. ಬೆಂಚಿನಲ್ಲಿ ಕೂರಿಸಿಟ್ಟು, ಆಡಿದ ದಾಖಲೆ ಎಲ್ಲಿ ಅಂತ ಕೇಳುವ ಅಭ್ಯಾಸ ಮಾತ್ರ ಹಳೆಯದು. ಇನ್ನೊಂದು ಕಡೆ, ನಮ್ಮಲ್ಲೂ ಕೆಲವರು ಈಗ ಬೆಂಚಿನ ಹಿಂದೆ ನಿಂತಿದ್ದೇವೆ, ಯಾರನ್ನು ಒಳಗೆ ಕಳಿಸಬೇಕು ಅಂತ ನಿರ್ಧರಿಸುವ ಜಾಗದಲ್ಲಿ. ಈ ಕಥೆ ಅವರಿಗೂ ಸೇರಿದ್ದು.

2006ರಲ್ಲಿ ಕೆನಡಾ ಸರ್ಕಾರ ತಲೆಗಂದಾಯಕ್ಕಾಗಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿತು. ಲ್ಯಾರಿ ಕ್ವಾಂಗ್‌ಗೆ ಆಗಷ್ಟೇ 83 ತುಂಬಿತ್ತು. ಆ ಹೊತ್ತಿಗೆ ಅವರ ಹೆಸರು ಹೆಚ್ಚುಕಡಿಮೆ ಮರೆತೇ ಹೋಗಿತ್ತು. ವರ್ನನ್‌ನ ಒಬ್ಬ ಮೇಷ್ಟ್ರು ಪಟ್ಟು ಹಿಡಿದು ಅವರ ಪರವಾಗಿ ಬರೆದರು, ಮಾತಾಡಿದರು. ಆಮೇಲೆ ಒಂದೊಂದಾಗಿ ಗೌರವಗಳು ಬಂದವು. 2013ರಲ್ಲಿ ಬ್ರಿಟಿಷ್ ಕೊಲಂಬಿಯಾದ ಹಾಕಿ ಹಾಲ್ ಆಫ್ ಫೇಮ್‌ಗೆ ಸೇರಿದರು. ರಕ್ತ ಸಂಚಾರದ ತೊಂದರೆಯಿಂದ ಅಷ್ಟರಲ್ಲಿ ಎರಡೂ ಕಾಲು ಕಳೆದುಕೊಂಡಿದ್ದರು. 2018ರ ಮಾರ್ಚ್ 15ರಂದು ಕ್ಯಾಲ್ಗರಿಯಲ್ಲಿ ತೀರಿಕೊಂಡಾಗ ವಯಸ್ಸು 94. ಫೋರಂನ ಆ ರಾತ್ರಿಗೆ ಎರಡು ದಿನದ ಹಿಂದೆಯಷ್ಟೇ 70 ವರ್ಷ ತುಂಬಿತ್ತು.

ಎನ್‌ಎಚ್‌ಎಲ್ ಪುಟದಲ್ಲಿ ಈಗಲೂ ಅದೇ ಸಾಲಿದೆ. ಒಂದು, ಸೊನ್ನೆ, ಸೊನ್ನೆ, ಸೊನ್ನೆ. ಅದರಲ್ಲಿ ಸುಳ್ಳೇನಿಲ್ಲ. ಆದರೆ ಅದು ಲ್ಯಾರಿ ಕ್ವಾಂಗ್ ಎಷ್ಟು ಆಡಬಲ್ಲರು ಅನ್ನುವುದರ ಲೆಕ್ಕವಲ್ಲ, 1948ರ ಎನ್‌ಎಚ್‌ಎಲ್ ಅವರಿಗೆ ಎಷ್ಟು ಕೊಟ್ಟಿತು ಅನ್ನುವುದರ ಲೆಕ್ಕ. ಆಟದ ಲೆಕ್ಕ ಬೇಕಾದವರು ವ್ಯಾಲಿಫೀಲ್ಡ್ ಬ್ರೇವ್ಸ್‌ನ 1951ರ ಪುಟ ತೆರೆಯಲಿ.